ಹಿರಿಯರ ಸ್ವಾರಸ್ಯದ ಸಂಗತಿಗಳನ್ನು ಎಲ್ಲಿ ಹುಡುಕಬೇಕು?

ಹುಬ್ಬಳ್ಳಿಯಿಂದ ಪ್ರಶ್ನೆ:
ಯುಗಾದಿಗೆ ನಮ್ಮ ಮನೆತನದವರೆಲ್ಲ ಊರಲ್ಲಿ ಸೇರಲಿದ್ದೇವೆ. ಮಕ್ಕಳಿಗೆ ಹಿರಿಯರ ಬಗ್ಗೆ ಹೇಳಬೇಕೆಂಬ ಆಸೆ. ಮುತ್ತಜ್ಜನ ಹೆಸರಿನ ಆಚೆಗೆ ನಮಗೆ ಏನೂ ತಿಳಿಯದು. ಬರೀ ಹೆಸರುಗಳನ್ನು ಓದುತ್ತ ಹೋದರೆ ಮಕ್ಕಳು ಎದ್ದು ಹೋಗುತ್ತಾರೆ. ಅಪರೂಪದ ಸಂಗತಿಗಳನ್ನು ನೀವೆಲ್ಲ ಹೇಗೆ ಕಂಡುಕೊಂಡಿರಿ? ಟ್ರಂಕಿನಲ್ಲಿ ಹಳೆಯ ಕಾಗದಗಳಿವೆ, ಆ ಲಿಪಿ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ಜಮಖಂಡಿ ಸೀಮೆಯವರು:
ಅಕ್ಕಾ, ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇ ಎಂದು ಮೊದಲು ಊರಿನ ಹಿರಿಯರನ್ನು ಕೇಳಿ. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಒಕ್ಕಲು ಮನೆತನಗಳ ವಂಶಾವಳಿಯನ್ನು ಹೊತ್ತಗೆಗಳಲ್ಲಿ ಬರೆದಿಟ್ಟು, ಮನೆಯ ಮುಂದೆ ನಿಂತು ಹೇಳುವವರು ಅವರು. ಸುಗ್ಗಿ ಮುಗಿದ ಮೇಲೆ ಬಂದು, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಜೋಳ, ಬಟ್ಟೆ ಪಡೆದು ಹೋಗುತ್ತಾರೆ. ಇಂಥ ಮನೆತನಗಳು ಇಂಥ ಹೆಳವರಿಗೆ ಎಂಬ ಹಂಚಿಕೆ ಅವರಲ್ಲಿದೆ. ನಿಮ್ಮ ಮನೆಗೆ ಬರುವುದು ನಿಂತಿದ್ದರೆ ಅದೇ ಬೆಡಗಿನ, ಅಂದರೆ ಅದೇ ಕುಲದ, ಬೇರೆ ಮನೆಯವರಲ್ಲಿ ವಿಚಾರಿಸಿ.

ದೂರದ ಒಂದು ಊರಿನ ದೇವರಿಗೆ ನಾವು ವರ್ಷಕ್ಕೊಮ್ಮೆ ಎಡೆ ಕೊಡುತ್ತೇವೆ. ಅಲ್ಲಿ ನಮಗೆ ನೆಂಟರಿಲ್ಲ, ಹೊಲವಿಲ್ಲ. ಏಕೆ ಅಲ್ಲಿಗೇ ಎಂದು ಅಜ್ಜನಿಗೂ ಗೊತ್ತಿರಲಿಲ್ಲ. ಹೆಳವರು ಓದಿದಾಗ ತಿಳಿಯಿತು: ನಮ್ಮ ಮೂಲ ಊರೇ ಅದು. ಬರಗಾಲದಲ್ಲಿ ಇಬ್ಬರು ಅಣ್ಣತಮ್ಮಂದಿರು ಬಿಟ್ಟುಬಂದರಂತೆ. ಅವರು ಓದುವಾಗ ನನಗೆ ಮೈ ಜುಮ್ಮೆಂದಿತು. ಮಕ್ಕಳ ಎದುರಿಗೇ ಓದಿಸಿ, ಧ್ವನಿ ಮುದ್ರಿಸಿಕೊಳ್ಳಿ, ಕೈತುಂಬ ಕೊಟ್ಟು ಕಳುಹಿಸಿ. ನಮಗೆ ಓದಿದ ಹೊತ್ತಗೆಯಲ್ಲಿ ಹೆಣ್ಣುಮಕ್ಕಳ ಹೆಸರು ತೀರ ವಿರಳವಾಗಿತ್ತು, ಅದೊಂದೇ ಕೊರಗು.

ಉಡುಪಿಯಿಂದ:
ಹೆಣ್ಣುಮಕ್ಕಳ ಮಾತು ಬಂದಿತಲ್ಲ, ನಮ್ಮಲ್ಲಿ ದಾರಿ ಅಲ್ಲಿಂದಲೇ ತೆರೆಯುತ್ತದೆ. ನಮ್ಮದು ಅಳಿಯಸಂತಾನದ ಕುಟುಂಬ, ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ. ಹಳೆಯ ಪಾಲುಪತ್ರಗಳಲ್ಲಿ ಅಜ್ಜಿಯ ಅಜ್ಜಿಯರು, ಅವರ ಅಕ್ಕತಂಗಿಯರು ಹೆಸರುಹೆಸರಾಗಿ ಸಿಕ್ಕರು. ಸೊಸೆಯಾಗಿ ಬಂದವರ ಕಡೆಯಿಂದಲೂ ಹುಡುಕಿ. ಅಪರೂಪದ ಕಥೆಗಳು ತವರುಮನೆಗಳಲ್ಲೇ ಹೆಚ್ಚು ಉಳಿದಿರುತ್ತವೆ.

ಚಿತ್ರದುರ್ಗದ ನಿವೃತ್ತ ಮೇಷ್ಟ್ರು:
ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ‘ಈಶ್ವರದಲ್ಲಿ ಹುಟ್ಟಿದವನು’ ಎಂದರೆ 1877–78 ಇರಬಹುದು, 1937–38 ಇರಬಹುದು. ಆಗ ಬರವಿತ್ತೇ ಎಂದು ಕೇಳಿ. ಧಾತು, ಈಶ್ವರ ಸಂವತ್ಸರಗಳ ಮಹಾಬರ 1876–78ರದು, ಮೈಸೂರು ಸೀಮೆಯನ್ನೂ ನಿಮ್ಮ ಮುಂಬೈ ಕರ್ನಾಟಕವನ್ನೂ ಅದು ಬರಿದು ಮಾಡಿತು. ಪ್ಲೇಗಿಗೆ ಊರು ಬಿಟ್ಟು ಹೊಲದ ಗುಡಿಸಲಿನಲ್ಲಿದ್ದ ನೆನಪಿದ್ದರೆ ಅದು 1896ರ ನಂತರದ್ದು. ನನ್ನ ಅಜ್ಜಿಯ ತಾಯಿ ಹುಟ್ಟಿದ ಕಾಲವನ್ನು ನಾನು ಕಂಡುಕೊಂಡದ್ದು ಹೀಗೆಯೇ.

ಬೆಂಗಳೂರಿನಿಂದ:
ಮನೆಯಲ್ಲಿ ಯಾರ ಬಗ್ಗೆಯಾದರೂ ‘ಕುದುರೆ ದಂಡಿನಲ್ಲಿದ್ದರು, ಸಮುದ್ರ ದಾಟಿ ಹೋಗಿದ್ದರು’ ಎಂಬ ಮಾತಿದ್ದರೆ ಕಟ್ಟುಕಥೆಯೆಂದು ತಳ್ಳಬೇಡಿ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಂಡುಗಳು. ಮಹಾಯುದ್ಧಗಳಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಬಗೆಬಗೆಯಾಗಿ ಬರೆದಿರುತ್ತಾರೆ, ಎಲ್ಲ ರೂಪಗಳನ್ನೂ ಹಾಕಿ ನೋಡಿ.

ಧಾರವಾಡದಿಂದ:
ಟ್ರಂಕಿನ ಕಾಗದಗಳು ಮೋಡಿ ಲಿಪಿಯವಿರಬಹುದು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ ಅದು. ನಮ್ಮ ಭಾಗದ ಹಳೆಯ ಜಮೀನು ಪತ್ರ, ಲೆಕ್ಕಪತ್ರಗಳಲ್ಲಿ ಮೋಡಿ ಸಾಮಾನ್ಯ. ಮೇಲ್ಗಡೆ ಉದ್ದಕ್ಕೂ ಒಂದೇ ಗೆರೆ ಎಳೆದು, ಅದರ ಕೆಳಗೆ ಅಕ್ಷರಗಳನ್ನು ಸರಸರನೆ ಕೂಡಿಸಿ ಬರೆದಿದ್ದರೆ ಬಹುಶಃ ಅದೇ. ಮೋಡಿ ಬಲ್ಲವರು ಧಾರವಾಡ, ಬೆಳಗಾವಿ ಕಡೆ ಸಿಗುತ್ತಾರೆ. ಓದಿಸುವ ಮುನ್ನ ಎರಡೂ ಬದಿಯ ಚಿತ್ರ ತೆಗೆದುಕೊಳ್ಳಿ. ಮಡಿಕೆಯಲ್ಲಿ ಹರಿದಿದ್ದರೆ ಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.