ಎಂಜಿನ್ ಕೆಲಸ ಮಾಡಿಸಿದ ಮೇಲೆ ಯೆಜ್ಡಿ 250 ಬಿಸಿಯಾದಾಗ ಸರಿಯಾಗಿ ಓಡುತ್ತಿಲ್ಲ

ಮಂಡ್ಯದ ಸವಾರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1978ರಲ್ಲಿ ಕೊಂಡ ಯೆಜ್ಡಿ 250 ಬೈಕ್ ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ಗೋಣಿಚೀಲಗಳ ಹಿಂದೆ ನಿಂತಿತ್ತು. ಈಚೆಗೆ ಅದರ ಎಂಜಿನ್ ಪೂರ್ತಿ ಬಿಚ್ಚಿಸಿ, ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಕನೆಕ್ಟಿಂಗ್ ರಾಡ್ ಕಿಟ್, ಕ್ರ್ಯಾಂಕ್ ಬೇರಿಂಗ್‌ಗಳು ಹಾಗೂ ಎರಡೂ ಕಡೆಯ ಆಯಿಲ್ ಸೀಲ್‌ಗಳನ್ನು ಬದಲಿಸಿದ್ದೇವೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಮಿಕಾರ್ಬ್ ಬ್ರ್ಯಾಂಡಿನದು, ಅದನ್ನೂ ತೊಳೆಸಿದ್ದೇನೆ.

ತಣ್ಣಗಿರುವಾಗ ಎರಡನೆಯ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಆದರೆ ಪಾಂಡವಪುರದ ಕಡೆಗೆ ಹತ್ತು ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಐಡ್ಲಿಂಗ್, ಅಂದರೆ ಥ್ರಾಟಲ್ ಬಿಟ್ಟಾಗಿನ ಎಂಜಿನ್ ವೇಗ, ತಾನಾಗಿಯೇ ಏರಿಬಿಡುತ್ತದೆ. ಥ್ರಾಟಲ್ ಬಿಟ್ಟರೂ ಎಂಜಿನ್ ಬಹಳ ಹೊತ್ತು ಅರಚುತ್ತಲೇ ಇದ್ದು ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅರ್ಧ ಥ್ರಾಟಲ್‌ನಲ್ಲಿ ಜಗ್ಗುತ್ತದೆ, ಏರಿನಲ್ಲಿ ಹೆಡ್ಡಿನಿಂದ ಟಣಟಣ ಎಂಬ ಸದ್ದು ಬರುತ್ತದೆ. ಪ್ಲಗ್ ತೆಗೆದು ನೋಡಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ವಿಚಿತ್ರವೆಂದರೆ, ಚೋಕ್ ಅರ್ಧ ಎಳೆದುಕೊಂಡರೆ ಗಾಡಿ ಸ್ವಲ್ಪ ಸುಧಾರಿಸಿಕೊಂಡು ಓಡುತ್ತದೆ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿ, ಪೆಟ್ರೋಲ್ ಹೆಚ್ಚು ಬಿಡಲು ಕಾರ್ಬುರೇಟರಿನ ನೀಡಲ್ ಒಂದು ಕಚ್ಚು ಮೇಲೆತ್ತಿ, ಎಲ್ಲ ಪ್ರಯತ್ನಿಸಿದ್ದಾಗಿದೆ. ಪಿಸ್ಟನ್ನಿಗೆ ಒಳ್ಳೆಯದಾಗಲೆಂದು ಪೆಟ್ರೋಲಿಗೆ ಆಯಿಲ್ ಕೂಡ ಜಾಸ್ತಿಯೇ ಹಾಕುತ್ತಿದ್ದೇನೆ. ಕೆಲಸ ಮಾಡಿಕೊಟ್ಟ ಮೆಕ್ಯಾನಿಕ್ ಅವರು, ಹೊಸ ಬೋರ್ ಅಲ್ಲವೇ, ಐನೂರು ಕಿಲೋಮೀಟರ್ ಓಡಲಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಓಡಿಸಬಹುದೇ?

ಯಾದವಗಿರಿಯವನು

ದಯವಿಟ್ಟು ಓಡಿಸಬೇಡಿ. ಐನೂರು ಕಿಲೋಮೀಟರ್ ತುಂಬುವ ಮೊದಲೇ ಹೊಸ ಪಿಸ್ಟನ್ ಹಿಡಿದುಕೊಂಡುಬಿಡುವ ಸಂಭವವಿದೆ. ನೀವು ಹೇಳಿದ ನಾಲ್ಕೂ ಲಕ್ಷಣಗಳು ಒಂದನ್ನೇ ಹೇಳುತ್ತಿವೆ: ಎಂಜಿನ್ನಿಗೆ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಕಡಿಮೆಯಾಗಿದೆ. ಚೋಕ್ ಎಳೆದರೆ ಸುಧಾರಿಸುವುದೇ ಇದಕ್ಕೆ ದೊಡ್ಡ ಸಾಕ್ಷಿ. ಆಯಿಲ್ ಜಾಸ್ತಿ ಹಾಕುವುದರಿಂದ ರಕ್ಷಣೆ ಸಿಗುತ್ತದೆ ಎಂದುಕೊಂಡಿದ್ದೀರಿ, ಆದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹೊರಬರುವ ಸಣ್ಣ ತೂತಾದ ಜೆಟ್ಟಿನೊಳಗೆ ಆಯಿಲ್ ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗಿ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಲೀಟರಿಗೆ ನಲವತ್ತು ಮಿಲಿ, ಅಂದರೆ 1:25, ಸಾಕು.

ನಾನು ಕಾರ್ಖಾನೆಯ ನೌಕರನಲ್ಲ. 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಹಾಕಿದ, ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಬಡಾವಣೆಯಲ್ಲೇ ಬೆಳೆದು, ಈ ಗಾಡಿಗಳನ್ನು ಬಿಚ್ಚಿ ಕೂಡಿಸುತ್ತ ಕೈ ಕರಿ ಮಾಡಿಕೊಂಡವನು. ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಎಂಜಿನ್ ಕೂಡಿಸಿದ ಮೇಲೆ ಗಾಡಿ ತೊಂದರೆ ಕೊಟ್ಟರೆ ಎಲ್ಲರ ಕೈಯೂ ಮೊದಲು ಹೋಗುವುದು ಕಾರ್ಬುರೇಟರಿಗೆ, ಯಾಕೆಂದರೆ ಅಲ್ಲಿ ತಿರುಗಿಸಲು ಸ್ಕ್ರೂ ಇದೆ. ಆದರೆ ಯೆಜ್ಡಿಯಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್, ಅಂದರೆ ಪಿಸ್ಟನ್ ಕೆಳಗಿನ ಕೋಣೆ, ಬರೀ ಪೆಟ್ಟಿಗೆಯಲ್ಲ, ಅದೊಂದು ಪಂಪು. ಪಿಸ್ಟನ್ ಮೇಲೇರುವಾಗ ಕೆಳಗೆ ನಿರ್ವಾತ ಉಂಟಾಗಿ ಕಾರ್ಬುರೇಟರಿನ ಮೂಲಕ ಮಿಶ್ರಣ ಒಳಗೆ ಬರಬೇಕು. ಆ ಪಂಪಿನ ಗೋಡೆಯಲ್ಲಿ ಬೇರೆಲ್ಲಾದರೂ ಸಂದು ಇದ್ದರೆ ಅಲ್ಲಿಂದ ನುಗ್ಗುವ ಗಾಳಿಯಲ್ಲಿ ಪೆಟ್ರೋಲೂ ಇರುವುದಿಲ್ಲ, ಆಯಿಲೂ ಇರುವುದಿಲ್ಲ.

ಶಾಫ್ಟಿನ ಸುತ್ತ ಗಾಳಿ, ಆಯಿಲ್ ನುಗ್ಗದಂತೆ ತಡೆಯುವ ಎರಡು ಸೀಲ್‌ಗಳಲ್ಲಿ ಎಡಗಡೆಯದು ಕ್ಲಚ್ ಇರುವ ಭಾಗಕ್ಕೆ ಸೇರಿದ್ದು. ಅದು ಹೋಗಿದ್ದರೆ ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ಸೈಲೆನ್ಸರುಗಳಿಂದ ದಟ್ಟ ಹೊಗೆ ಬರುತ್ತಿತ್ತು. ನೀವು ಹೊಗೆಯ ಮಾತೇ ಆಡಿಲ್ಲ. ಆದ್ದರಿಂದ ನನ್ನ ಅನುಮಾನ ಬಲಗಡೆ, ಡೈನಮೋ ಹಿಂದಿನ ಸೀಲ್ ಮೇಲೆ, ಇಲ್ಲವೇ ಸಿಲಿಂಡರ್ ಕೆಳಗಿನ ಪ್ಯಾಕಿಂಗ್ ಮೇಲೆ, ಅಥವಾ ಕಾರ್ಬುರೇಟರ್ ಕೂರುವ ಮುಖದ ಮೇಲೆ.

ಊಹೆ ಬೇಡ, ಪರೀಕ್ಷಿಸಿ. ಹಳೆಯ ಪ್ಲಗ್ ಒಂದರ ಪಿಂಗಾಣಿಯನ್ನು ಒಡೆದು ತೆಗೆದು, ಉಳಿದ ಕಬ್ಬಿಣದ ಚಿಪ್ಪಿಗೆ ಸಣ್ಣ ಕೊಳವೆ ಬೆಸೆಸಿಕೊಳ್ಳಿ. ರಕ್ತದೊತ್ತಡ ನೋಡುವ ಹಳೆಯ ಉಪಕರಣದ ರಬ್ಬರ್ ಬುಗ್ಗೆ ಮತ್ತು ಮಾಪಕವನ್ನು ಅದಕ್ಕೆ ಸೇರಿಸಿ. ಎಕ್ಸಾಸ್ಟ್ ಬಾಯಿಗಳು ಎರಡನ್ನೂ, ಕಾರ್ಬುರೇಟರ್ ಕಳಚಿ ಇಂಟೇಕ್ ಬಾಯನ್ನೂ ಟ್ಯೂಬ್ ರಬ್ಬರ್ ತುಂಡಿನಿಂದ ಬಿಗಿಯಾಗಿ ಮುಚ್ಚಿ. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿದರೆ ಟ್ರಾನ್ಸ್‌ಫರ್ ದಾರಿಗಳು ತೆರೆದುಕೊಂಡು ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆಯಾಗುತ್ತವೆ. ಆಗ ಮಾಪಕ 300 ತೋರಿಸುವಷ್ಟು ಗಾಳಿ ತುಂಬಿ. ಅದು ಸುಮಾರು ಆರು ಪಿಎಸ್‌ಐ, ಅದಕ್ಕಿಂತ ಹೆಚ್ಚು ಬೇಡ, ಸೀಲ್ ತಡೆಯುವುದಿಲ್ಲ. ಮುಳ್ಳು ಕೆಲವು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೀರನ್ನು ಬ್ರಷ್‌ನಿಂದ ಸವರುತ್ತ ಬನ್ನಿ.

ನಂಜನಗೂಡು 250

ಯಾದವಗಿರಿಯವರ ಮಾತನ್ನು ಒಪ್ಪುತ್ತೇನೆ, ಆದರೂ ಒಂದು ಕಿವಿಮಾತು. ಬಿಸಿಯಾದ ಮೇಲೆ ಜಗ್ಗುವುದಕ್ಕೆ ಪ್ಲಗ್ ಕಿಡಿಗೆ ನೆರವಾಗುವ ಕಂಡೆನ್ಸರ್ ಕೂಡ ಕಾರಣವಾಗಬಹುದು. ಅದು ಡೈನಮೋ ಪಕ್ಕದಲ್ಲೇ ಎಂಜಿನ್ನಿನ ಶಾಖಕ್ಕೆ ಕೂತಿರುತ್ತದೆ, ತಣ್ಣಗಿರುವಾಗ ಸಜ್ಜನನಂತಿದ್ದು ಬಿಸಿಯಾದೊಡನೆ ಕೈಕೊಡುತ್ತದೆ. ಕಿಡಿ ಹೊರಡಿಸುವ ಸ್ವಿಚ್ಚಾದ ಪಾಯಿಂಟಿನ ಮುಖಗಳು ಕಪ್ಪಾಗಿ ಸುಟ್ಟಿದ್ದರೆ, ಎಂಜಿನ್ ಓಡುವಾಗ ಅಲ್ಲಿ ನೀಲಿ ಕಿಡಿ ಎದ್ದು ಕಾಣುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಪಾಯಿಂಟ್ ಅಂತರ 0.4 ಮಿಲಿಮೀಟರ್ ಇಟ್ಟುಕೊಂಡು, ಆಮೇಲೆ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಗಳಿಗೆಯನ್ನು, ಪ್ಲಗ್ ರಂಧ್ರದಿಂದ ಡಯಲ್ ಗೇಜ್ ಇಳಿಸಿ ಅಳೆಯಿರಿ. ಸ್ಕ್ರೂಡ್ರೈವರ್ ಇಳಿಸಿ ಕಣ್ಣಳತೆಯಲ್ಲಿ ಹೊಂದಿಸಿದ ಟೈಮಿಂಗ್ ಮುಂದಾಗಿದ್ದರೂ ಅದೇ ಟಣಟಣ ಸದ್ದು ಬರುತ್ತದೆ. ಆದರೆ ಥ್ರಾಟಲ್ ಬಿಟ್ಟರೂ ಐಡ್ಲಿಂಗ್ ಇಳಿಯದಿರುವುದಕ್ಕೆ ಇವೆರಡರಲ್ಲಿ ಉತ್ತರವಿಲ್ಲ ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ಹಾಗೆಯೇ ಹಳೆಯ ಸೈಲೆನ್ಸರುಗಳೊಳಗೆ ಕಾರ್ಬನ್ ಕಟ್ಟಿದೆಯೇ ಎಂದು ನೋಡಿಬಿಡಿ.

ಮಂಡ್ಯದ ಸವಾರ

ಭಾನುವಾರ ಪರೀಕ್ಷೆ ಮಾಡಿದೆ. ಬಿಪಿ ಉಪಕರಣ ಅತ್ತೆಯವರದು. ವಾಪಸ್ ಕೊಡುವಾಗ ಗ್ರೀಸ್ ಗುರುತಿನ ಬಗ್ಗೆ ವಿಚಾರಣೆಯಾಯಿತು.

ಮೊದಲ ಸಲ 300ಕ್ಕೆ ಏರಿಸಿ ಕೈಬಿಟ್ಟ ಕೂಡಲೇ ಮುಳ್ಳು ಸರ್ರನೆ ಇಳಿಯಿತು. ಅದು ನನ್ನ ಎಕ್ಸಾಸ್ಟ್ ಮುಚ್ಚಳದ ದೋಷವೇ ಆಗಿತ್ತು. ಅದನ್ನು ಸರಿಪಡಿಸಿ ಮತ್ತೆ ತುಂಬಿದರೆ ಅರ್ಧ ನಿಮಿಷದಲ್ಲಿ 100ಕ್ಕೆ ಬಂತು. ಸಿಲಿಂಡರ್ ಬುಡ, ಹೆಡ್ಡು, ಕ್ರ್ಯಾಂಕ್‌ಕೇಸಿನ ನಡುವಿನ ಜೋಡಣೆ, ಎಲ್ಲಿ ಸವರಿದರೂ ಗುಳ್ಳೆ ಏಳಲಿಲ್ಲ. ಕೊನೆಗೆ ಡೈನಮೋ ಕಳಚಿ ಬಲಗಡೆಯ ಸೀಲ್ ಸುತ್ತ ಸೋಪಿನ ನೀರು ಬಿಟ್ಟಾಗ, ಶಾಫ್ಟಿನ ಕೆಳಭಾಗದಲ್ಲಿ ಒಂದೇ ಜಾಗದಿಂದ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬಂದು, ನೋಡನೋಡುತ್ತ ಹಾಲು ಉಕ್ಕಿದ ಹಾಗೆ ನೊರೆ ಕಟ್ಟಿತು. ಸೀಲ್ ತೆಗೆದು ಬೆಳಕಿಗೆ ಹಿಡಿದರೆ ಅದರ ತುಟಿಯಲ್ಲಿ ಉಗುರಿನಿಂದ ಗೀರಿದಂಥ ಸಣ್ಣ ಸೀಳು. ಸೀಲ್ ಹೊಸದೇ, ಶಾಫ್ಟಿನ ಮೇಲೆ ಒಣಗಿದ್ದ ಹಾಗೇ ತಳ್ಳಿದಾಗ ಚೂಪು ಅಂಚಿಗೆ ಸಿಕ್ಕಿ ಸೀಳಿರಬೇಕು.

ಪಾಯಿಂಟ್ ಮುಖಗಳು ಸ್ವಚ್ಛವಾಗಿದ್ದವು, ಕಂಡೆನ್ಸರ್ ಮುಟ್ಟಲಿಲ್ಲ. ಟೈಮಿಂಗ್ ಮಾತ್ರ ಸ್ವಲ್ಪ ಮುಂದಿತ್ತು, ಸರಿಪಡಿಸಿದೆ.

ಯಾದವಗಿರಿಯವನು

ಹೊಸ ಸೀಲ್ ಹಾಕುವಾಗ ಶಾಫ್ಟಿನ ತುದಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ತುಟಿಗೆ ಆಯಿಲ್ ಸವರಿ, ಅದರ ಮೇಲೆ ಜಾರಿಸಿ. ಕೂರಿಸಿದ ಮೇಲೆ ಡೈನಮೋ ಜೋಡಿಸುವ ಮೊದಲೇ ಇನ್ನೊಮ್ಮೆ ಗಾಳಿ ತುಂಬಿ ನೋಡಿ. ಕಾರ್ಬುರೇಟರ್ ಸ್ಕ್ರೂ, ನೀಡಲ್ ಎರಡನ್ನೂ ಮೊದಲಿದ್ದ ಜಾಗಕ್ಕೆ ತನ್ನಿ, ಇಲ್ಲವಾದರೆ ಈಗ ಪೆಟ್ರೋಲ್ ಹೆಚ್ಚಾಗಿ ಗಾಡಿ ಉಸಿರುಗಟ್ಟುತ್ತದೆ.

ಕುವೆಂಪುನಗರದ ಜಾವಾ

ನೀಡಲನ್ನು ಪೂರ್ತಿ ಮೊದಲಿನ ಜಾಗಕ್ಕೆ ತರುವ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಈ ಗಾಡಿಗಳ ಜೆಟ್ ಅಳತೆ ನಿಗದಿಯಾದ ಕಾಲದ ಪೆಟ್ರೋಲ್ ಬೇರೆ, ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತದ್ದು. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಪಾಲು ಸಾಕು. ಬೆರಕೆಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 13.5 ಬರುತ್ತದೆ. ಅಂದರೆ ಸೀಲ್ ಸರಿಯಿದ್ದರೂ ಹಳೆಯ ಜೆಟ್ಟಿನಲ್ಲಿ ಎಂಜಿನ್ ಒಂದಿಷ್ಟು ಹಸಿದೇ ಓಡುತ್ತದೆ. ನೀಡಲ್ ಒಂದು ಕಚ್ಚು ಮೇಲೇ ಇರಲಿ, ಪ್ಲಗ್ ಬಣ್ಣ ನೋಡಿ ತೀರ್ಮಾನಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ.

ಮಂಡ್ಯದ ಸವಾರ

ಹೊಸ ಸೀಲ್ ಕೂತ ಮೇಲೆ ಮುಳ್ಳು ಐದು ನಿಮಿಷದಲ್ಲಿ 300ರಿಂದ 280ಕ್ಕೆ ಮಾತ್ರ ಇಳಿಯಿತು. ನೀಡಲ್ ಕುವೆಂಪುನಗರದವರು ಹೇಳಿದಂತೆಯೇ ಇಟ್ಟಿದ್ದೇನೆ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ನಮ್ಮಂಥ ಬೈಕಿನವರಿಗೆ ಪ್ರವೇಶವಿಲ್ಲದ್ದರಿಂದ ಸರ್ವಿಸ್ ರಸ್ತೆಯಲ್ಲೇ ಶ್ರೀರಂಗಪಟ್ಟಣದವರೆಗೆ, ಎರಡು ಕಡೆ ನಿಲ್ಲಿಸಿ ಎಂಜಿನ್ ಆರಿಸಿಕೊಂಡು, ಹೋಗಿಬಂದೆ. ಥ್ರಾಟಲ್ ಬಿಟ್ಟ ತಕ್ಷಣ ಐಡ್ಲಿಂಗ್ ಇಳಿಯುತ್ತಿದೆ, ಟಣಟಣ ನಿಂತಿದೆ, ಪ್ಲಗ್ ಕಾಫಿ ಪುಡಿಯ ಬಣ್ಣಕ್ಕೆ ತಿರುಗಿದೆ. ಥ್ರಾಟಲ್ ಕಾಲು ಭಾಗ ತೆರೆದಾಗ ಒಂದು ಸಣ್ಣ ತೊದಲು ಉಳಿದಿದೆ. ಮುಂದಿನ ವಾರ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸಿ ನೋಡಿ ಇಲ್ಲಿಯೇ ಬರೆಯುತ್ತೇನೆ.