ಕಪ್ಪು ಕೋಟು ಕಂದು ತಿರುಗಿದೆ, ಬಣ್ಣ ಹಾಕಿಸಿದವರು ಅನುಭವ ಹೇಳಿ

ಕಲಬುರಗಿ ಜೂನಿಯರ್: ಟ್ರಯಲ್ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡ್ತಿದ್ದೇನೆ. ಟೆರಿವುಲ್ ಕೋಟು ಭುಜದ ಹತ್ತಿರ ಕಂದು ತಿರುಗಿದೆ, ಎರಡು ಕಾಟನ್ ಕುರ್ತಾ ಬೂದಿ ಬಣ್ಣಕ್ಕೆ ಬಂದಿವೆ. ಹೊಸ ಕೋಟು ಹೊಲಿಸೋಕೆ ಸದ್ಯ ಕೈಯಲ್ಲಿ ದುಡ್ಡಿಲ್ಲ. ಡೈ ಹಾಕಿಸಿದರೆ ನಿಲ್ಲುತ್ತಾ? ಹಾಕಿಸಿದವರು ದಯವಿಟ್ಟು ಹೇಳಿ.

ಧಾರವಾಡ ವಕೀಲ: ಹಾಕಿಸಬ್ಯಾಡ್ರಿ ಮೇಡಂ. ನಾ ಹಾಕಿಸೀನಿ, ಇವತ್ತಿಗೂ ಹೊಟ್ಟಿ ಉರೀತದ. ಡೈಗೆ 650 ರೂಪಾಯಿ. ಲೈನಿಂಗ್ ಬಿಚ್ಚಿ ಕೊಡ್ರಿ ಅಂದ್ರು, ಬಿಚ್ಚಿದ ಟೇಲರ್‌ಗೆ 120. ವಾಪಸ್ ಬಂದಾಗ ಬಟ್ಟಿ ಒಂದು ಬಣ್ಣ, ಹೊಲಿಗಿ ದಾರ ಇನ್ನೊಂದು ಬಣ್ಣ, ಕಾಲರ್ ಸುತ್ತ ಸೀಮೆಸುಣ್ಣದ ಗೆರಿ ಎಳದಂಗ. ಒಳಗಿನ ಕ್ಯಾನ್ವಾಸ್ ಕುಗ್ಗಿ ಎದಿ ಮ್ಯಾಲೆ ಗುಳ್ಳಿ ಎದ್ದಿತ್ತು. ಹೊಸ ಲೈನಿಂಗ್ 480, ಗುಂಡಿ 90. ಒಟ್ಟು 1,340. ಮೊದಲ ಮಳಿಗೇ ಕುತ್ತಿಗಿಗೆ ಕಟ್ಟೋ ಬಿಳಿ ಬ್ಯಾಂಡ್ ಮ್ಯಾಲೆ ನೀಲಿಗಪ್ಪು ಇಳೀತು. ಬಿಳಿ ಅಂಗೀನೂ ಹೋತು, ಅದನ್ನ ಈ ಲೆಕ್ಕದಾಗ ಹಿಡದಿಲ್ಲ. ಅಂಗಡಿಯಂವ ‘ಗ್ಯಾರಂಟಿ ಇಲ್ಲ’ ಅಂತ ರಶೀದಿ ಹಿಂದ ಬರದಿದ್ದು ತೋರಿಸಿ ಕೈ ತೊಳಕೊಂಡ.

ಸರೋಜ ಮೈಸೂರು: ನಾನು ಕಪ್ಪು ಬಟ್ಟೆಗೆ ಸೋಪಿನ ಬಾರ್ ಮುಟ್ಟಿಸೋದೇ ಇಲ್ಲ. ಅಂಟುವಾಳ ಕಾಯಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಸೋಸಿದ ನೊರೆನೀರಲ್ಲಿ ಅದ್ದಿ ತೆಗೆಯೋದು ಅಷ್ಟೇ. ಹಿಂಡಬಾರದು. ಒಳಮೈ ಹೊರಗೆ ಮಾಡಿ ನೆರಳಲ್ಲಿ ಹಾಕಬೇಕು. ಹೊಸ ಬಟ್ಟೆಯಾದರೆ ಮೊದಲು ಕಲ್ಲುಪ್ಪಿನ ನೀರಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತೆ. ಮಗಳು ಪಿಯುಸಿಯಲ್ಲಿ ಹಾಕುತ್ತಿದ್ದ ಚೂಡಿದಾರ್ ಕೆಲಸಕ್ಕೆ ಸೇರಿದ ಮೇಲೂ ಹಾಕಿದ್ದಾಳೆ. ಈಗಿನವರಿಗೆ ಮೆಷಿನ್‌ಗೆ ತುರುಕಿದರೆ ಮುಗೀತು, ಆಮೇಲೆ ಅಂಗಡಿಯವರನ್ನು ಬೈಯೋದು.

ತಿರುಪ್ಪೂರು ಕನ್ನಡಿಗ: ಉಪ್ಪಿನ ಕಥೆ ಸಾಕು ಮಾಡಿ ಅಮ್ಮಾ. ಡೈಯಿಂಗ್ ಯೂನಿಟ್‌ನಲ್ಲೇ ನನ್ನ ಕೆಲಸ. ಕಾಟನ್‌ಗೆ ರಿಯಾಕ್ಟಿವ್ ಬ್ಲ್ಯಾಕ್ ಅನ್ನೋ ಕಪ್ಪು ಡೈ ಹಾಕುವಾಗ ಉಪ್ಪನ್ನು ಮೂಟೆಗಟ್ಟಲೆ ಸುರೀತೀವಿ, ನಿಜ. ಅದು ನೀರಲ್ಲಿರೋ ಬಣ್ಣವನ್ನು ನೂಲಿನ ಕಡೆ ತಳ್ಳುತ್ತೆ ಅಷ್ಟೇ. ಕಚ್ಚಿಕೊಳ್ಳೋದು ವಾಷಿಂಗ್ ಸೋಡಾ ಹಾಕಿ 60 ಡಿಗ್ರಿಯಲ್ಲಿ ಓಡಿಸಿದಾಗ. ಕಚ್ಚದೆ ಉಳಿದದ್ದನ್ನು ಬಿಸಿ ಸೋಪುನೀರಲ್ಲಿ ತೊಳೆದು ತೆಗೀಬೇಕು. ನೀರು, ಉರುವಲು ಉಳಿಸೋಕೆ ಅದನ್ನು ಅರ್ಧಕ್ಕೆ ನಿಲ್ಲಿಸಿದವರ ಮಾಲೇ ನಿಮ್ಮ ಬಕೆಟ್‌ನಲ್ಲಿ ಬಣ್ಣ ಬಿಡೋದು. ಮನೆಯಲ್ಲಿ ಎಷ್ಟು ಉಪ್ಪು ಸುರಿದರೂ ಅದು ಗಟ್ಟಿಯಾಗಲ್ಲ.

ಇನ್ನು ಬೂದಿ ಬಣ್ಣ ಅಂತೀರಲ್ಲ, ಎಷ್ಟೋ ಸಲ ಬಣ್ಣ ಅಲ್ಲೇ ಇರುತ್ತೆ. ಉಜ್ಜಿ ಉಜ್ಜಿ ನೂಲಿನ ಮೇಲೆ ನವಿರಾದ ಜುಂಗು ಎದ್ದಿರುತ್ತೆ, ಬೆಳಕು ಅದರಲ್ಲಿ ಚದುರಿ ಬೆಳ್ಳಗೆ ಕಾಣುತ್ತೆ. ಕಾಣದ ಒಂದು ಮೂಲೆಯಲ್ಲಿ ಬ್ಲೇಡಿನಿಂದ ಮೆಲ್ಲಗೆ ಹೆರೆದು ನೋಡಿ, ಅಡಿಯಲ್ಲಿ ಕಪ್ಪು ಸಿಗುತ್ತೆ. ಕಾಟನ್ ಆದರೆ ಸೆಲ್ಯುಲೇಸ್ ಎನ್‌ಜೈಮ್ ಇರೋ ಡಿಟರ್ಜೆಂಟ್ ಆ ಜುಂಗನ್ನು ತಿಂದುಹಾಕುತ್ತೆ. ಬೋರ್‌ವೆಲ್ ಗಡಸು ನೀರಿಗೆ ಬಟ್ಟೆ ಮೇಲೆ ಸೋಪಿನ ಪೊರೆ ಕೂತಿದ್ದರೆ, ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ.

ಸರೋಜ ಮೈಸೂರು: ನಿಮ್ಮ ಯೂನಿಟ್ ಜ್ಞಾನ ನಿಮ್ಮ ಹತ್ತಿರವೇ ಇರಲಿ. ನಮ್ಮತ್ತೆ ಕಾಲದಿಂದ ಉಪ್ಪು ಹಾಕಿ ಬಂದಿದ್ದೇವೆ, ಬಟ್ಟೆ ಕಣ್ಣೆದುರಿಗಿದೆ.

ಗುರುಸ್ವಾಮಿ ತುಮಕೂರು: ಸ್ವಾಮಿ ಶರಣಂ. ಕಪ್ಪಿನ ಕಷ್ಟ ಮಾಲೆ ಹಾಕಿದವರನ್ನು ಕೇಳಿ. ಮಂಡಲದ 41 ದಿನ ಎರಡೂ ಹೊತ್ತು ತಣ್ಣೀರು ಸ್ನಾನ, ಎರಡೂ ಹೊತ್ತು ಪಂಚೆ ಒಗೆಯಬೇಕು, ಬಿಸಿಲಲ್ಲದೆ ಸಂಜೆಗೆ ಒಣಗಲ್ಲ. 180 ರೂಪಾಯಿ ಪಂಚೆ ಇರುಮುಡಿ ಕಟ್ಟುವಷ್ಟರಲ್ಲಿ ತುಕ್ಕಿನ ಬಣ್ಣಕ್ಕೆ ಬರುತ್ತೆ. 420 ಕೊಟ್ಟು ತಂದದ್ದು ಬಣ್ಣ ಬಿಡಲಿಲ್ಲ. ಆದರೆ ಟ್ರಂಕಿನಲ್ಲಿಟ್ಟು ಮುಂದಿನ ಕಾರ್ತಿಕಕ್ಕೆ ತೆಗೆದು ಕಟ್ಟಿಕೊಳ್ಳುವಾಗ ಸೊಂಟದಲ್ಲೇ ಪರ್ ಅಂತ ಹರಿಯಿತು. ಇಲಿ ಇಲ್ಲ, ಜಿರಲೆ ಇಲ್ಲ. ಅಂಗಡಿಯವನು ನಾನೇ ಹರಿದಿದ್ದೀನಿ ಅಂದ.

ತಿರುಪ್ಪೂರು ಕನ್ನಡಿಗ: ಸ್ವಾಮಿ, ಅದಕ್ಕೆ ಹಾಕಿದ್ದು ಸಲ್ಫರ್ ಬ್ಲ್ಯಾಕ್ ಅನ್ನೋ ಗಂಧಕದ ಡೈ ಇರಬೇಕು. ಅಗ್ಗ, ನೀರಿಗೆ ಗಟ್ಟಿ. ಆದರೆ ತೇವದಲ್ಲಿ ವರ್ಷಗಟ್ಟಲೆ ಇಟ್ಟರೆ ಅದರೊಳಗಿನ ಗಂಧಕ ಮೆಲ್ಲಗೆ ಆಮ್ಲವಾಗಿ ಹತ್ತಿಯನ್ನೇ ತಿನ್ನುತ್ತೆ. ಎತ್ತಿಡುವ ಮುಂಚೆ ಚಿಟಿಕೆ ವಾಷಿಂಗ್ ಸೋಡಾ ನೀರಲ್ಲಿ ಅದ್ದಿ, ಪೂರ್ತಿ ಒಣಗಿಸಿ ಇಡಿ. ಬ್ಲೀಚ್ ಮಾತ್ರ ತಾಗಿಸಬೇಡಿ, ಆ ಕಪ್ಪು ಉಳಿಯಲ್ಲ.

ಅಳಲೆಕಾಯಿ ಬಣ್ಣ: ಕೆಮಿಕಲ್ ಹಾಕಿ ಕೆಮಿಕಲ್‌ನಿಂದಲೇ ಪರಿಹಾರ ಹುಡುಕ್ತೀರಿ. ನಾನು ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಮಡಕೆಯಲ್ಲಿ ಹುಳಿ ಬರೋವರೆಗೆ ಇಡುತ್ತೇನೆ. ಬಟ್ಟೆಯನ್ನು ಅಳಲೆಕಾಯಿ ಕಷಾಯದಲ್ಲಿ ಅದ್ದಿ ಒಣಗಿಸಿ ಆ ನೀರಿಗೆ ಇಳಿಸಿದರೆ ಕಣ್ಣೆದುರೇ ಕಪ್ಪಾಗುತ್ತೆ. ಕಲಂಕಾರಿಯ ಕಪ್ಪು ಇದೇ. ಮಾಸಿದ ಕುರ್ತಾಗಳಿಗೆಲ್ಲ ಹಾಕಿದ್ದೇನೆ, 40 ರೂಪಾಯಿ ಖರ್ಚು.

ತಿರುಪ್ಪೂರು ಕನ್ನಡಿಗ: ಕಬ್ಬಿಣವೂ ಹತ್ತಿಯನ್ನು ತಿನ್ನುತ್ತೆ ಸಾರ್. ಹಳೇ ಕಲಂಕಾರಿ ಬಟ್ಟೆಗಳಲ್ಲಿ ಕಪ್ಪು ಗೆರೆ ಇದ್ದ ಜಾಗವೇ ಮೊದಲು ಉದುರಿರೋದು. ಪ್ರಕೃತಿ ಅಂದ ತಕ್ಷಣ ಕೈಮುಗಿಯಬೇಡಿ.

ಅಳಲೆಕಾಯಿ ಬಣ್ಣ: ನಿಮ್ಮ ತಿರುಪ್ಪೂರಿನ ನೊಯ್ಯಲ್ ನದಿಗೆ ಡೈಯಿಂಗ್ ಬಣ್ಣ ಹರಿಸಿದ ಊರಿನವರು ನಮಗೆ ಪಾಠ ಹೇಳೋದು!

ತಿರುಪ್ಪೂರು ಕನ್ನಡಿಗ: 2011ರಲ್ಲಿ ಮದ್ರಾಸ್ ಹೈಕೋರ್ಟ್ ಯೂನಿಟ್‌ಗಳನ್ನು ಮುಚ್ಚಿಸಿದಾಗ ಕೆಲಸ ಕಳಕೊಂಡವನು ನಾನು. ಈಗ ನೀರು ಶುದ್ಧ ಮಾಡಿ ಮತ್ತೆ ಬಳಸ್ತೀವಿ. ನಿಮ್ಮ ಮಡಕೆ ನೀರನ್ನು ಎಲ್ಲಿ ಚೆಲ್ಲುತ್ತೀರಿ, ಅದನ್ನು ಹೇಳಿ.

ಕಲಬುರಗಿ ಜೂನಿಯರ್: ಕೋಟಿನ ವಿಷಯ ಯಾರಾದ್ರೂ ಹೇಳ್ತೀರಾ?

ತಿರುಪ್ಪೂರು ಕನ್ನಡಿಗ: ಟೆರಿವುಲ್ ಅಂದರೆ ಪಾಲಿಯೆಸ್ಟರ್ ಜೊತೆ ಉಣ್ಣೆ. ಪಾಲಿಯೆಸ್ಟರ್‌ಗೆ ನಮ್ಮಲ್ಲಿ ಒತ್ತಡದ ಮೆಷಿನ್‌ನಲ್ಲಿ 130 ಡಿಗ್ರಿ ಕೊಡ್ತೀವಿ, ಆ ಶಾಖಕ್ಕೆ ಉಣ್ಣೆ ಹಾಳಾಗುತ್ತೆ. ಹೊಲಿದ ಕೋಟು ಬಿಟ್ಟುಬಿಡಿ. ಕುರ್ತಾಗಳಿಗೆ ಹಾಕಿಸಿ.

ಬೆಂಗಳೂರು ವಕೀಲೆ: ಟ್ರಯಲ್ ಕೋರ್ಟಿನಲ್ಲಿ ಬೇಸಿಗೆಗೆ ಕೋಟು ಕಡ್ಡಾಯವೇ ಅಲ್ಲ, ಬಾರ್ ಕೌನ್ಸಿಲ್ ನಿಯಮ ನೋಡಿ. ಸುಪ್ರೀಂ ಕೋರ್ಟ್, ಹೈಕೋರ್ಟ್‌ಗಳಿಗೆ ಮಾತ್ರ ಬೇಕು. ಕಲಬುರಗಿ ಬಿಸಿಲಲ್ಲಿ ಹಾಕಿಕೊಂಡು ಓಡಾಡಿದರೆ ಭುಜ ಕಂದದೆ ಇನ್ನೇನು?

ಧಾರವಾಡ ವಕೀಲ: ನಿಯಮ ನಮಗೂ ಗೊತ್ತೈತ್ರಿ. ಕೋಟಿಲ್ಲದ ಜೂನಿಯರ್‌ನ ಕಕ್ಷಿದಾರ ವಕೀಲ ಅಂತ ನಂಬತಾನೇನು? ಹೈಕೋರ್ಟಿನ ಏಸಿಯಾಗ ಕುಂತು ತಾಲೂಕು ಕೋರ್ಟಿನ ಮಾತು ಆಡಬ್ಯಾಡ್ರಿ.

ಬೆಂಗಳೂರು ವಕೀಲೆ: ಏಸಿ ಅಂತೆ! ನಾನು ಹತ್ತು ವರ್ಷ ತಾಲೂಕು ಕೋರ್ಟಿನಲ್ಲೇ ದುಡಿದಿದ್ದೇನೆ, ಬೇಸಿಗೆಯಲ್ಲಿ ಕೋಟಿಲ್ಲದೆ. ಒಬ್ಬ ಕಕ್ಷಿದಾರರೂ ಬಿಟ್ಟು ಹೋಗಿಲ್ಲ.