ಪದ ಬೇಕು, ತುರ್ತು: ಹವಾಮಾನದ ‘ಫ್ರಂಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಸು., ಮೆಲ್ಬರ್ನ್:

ನಮಸ್ಕಾರ. ಶುಕ್ರವಾರ ಒಂದು ಕರಪತ್ರ ಅಚ್ಚಿಗೆ ಹೋಗಬೇಕು, ಒಂದೇ ಪದಕ್ಕೆ ನಿಂತಿದೆ. ನಮ್ಮ ಬಡಾವಣೆ ಮುಗಿಯುವಲ್ಲೇ ಕಾಡು ಶುರು. ಬೇಸಿಗೆ ಬಂತೆಂದರೆ ಕಾಳ್ಗಿಚ್ಚಿನ ಭಯ. ಮಕ್ಕಳ ಮನೆಗೆ ಅಂತ ಊರಿಂದ ಬಂದಿರುವ ಅಪ್ಪ ಅಮ್ಮಂದಿರಿಗೆ ಇಂಗ್ಲಿಷ್ ರೇಡಿಯೋದ ಎಚ್ಚರಿಕೆ ತಲೆಗೆ ಹತ್ತುವುದಿಲ್ಲ, ಅವರಿಗಾಗಿ ಒಂದು ಪುಟ ಕನ್ನಡದಲ್ಲಿ ಮಾಡಿಕೊಡಿ ಅಂತ ಇಲ್ಲಿನ ಸ್ವಯಂಸೇವಕರು ಕೇಳಿದ್ದಾರೆ.

ಬೇಕಾದ್ದು ‘ಕೋಲ್ಡ್ ಫ್ರಂಟ್’, ಅಂದರೆ ನುಗ್ಗಿ ಬರುವ ತಣ್ಣನೆ ಗಾಳಿಯ ಮುಂದಿನ ಅಂಚು. ತೊಂದರೆ ಏನೆಂದರೆ ಅದೇ ಪುಟದಲ್ಲಿ ‘ಫೈರ್ ಫ್ರಂಟ್’ ಕೂಡ ಇದೆ, ಅದು ಹಬ್ಬುವ ಬೆಂಕಿಯ ಮುಂದಿನ ಅಂಚು. ಹೋದ ವರ್ಷ ಯಾರೋ ಕಂಪ್ಯೂಟರಿಗೆ ಹಾಕಿ ತೆಗೆದ ಅನುವಾದದಲ್ಲಿ ಒಂದು ‘ತಣ್ಣನೆಯ ಮುಂಭಾಗ’, ಇನ್ನೊಂದು ‘ಬೆಂಕಿಯ ಮುಂಭಾಗ’ ಆಗಿತ್ತು. ಪಕ್ಕದ ಮನೆಗೆ ಬಂದಿದ್ದ ಅಜ್ಜ ಓದಿ, “ತಣ್ಣನೆ ಮುಂಭಾಗ ಅಂದ್ರೆ ವರಾಂಡದಲ್ಲಿ ಕೂತ್ಕೋಬೇಕಾ ಮಗಳೇ?” ಅಂತ ಕೇಳಿದರು. ನಗು ಬಂತು. ಆಮೇಲೆ ಹೆದರಿಕೆಯೂ ಆಯಿತು.

ಸಂದರ್ಭ ಇದು. ಇಲ್ಲಿ ಬೇಸಿಗೆಯಲ್ಲಿ ಒಳನಾಡಿನ ಮರುಭೂಮಿ ಕಡೆಯಿಂದ, ಅಂದರೆ ವಾಯವ್ಯದಿಂದ, ಒಲೆಯ ಬಾಯಿಂದ ಬಂದ ಹಾಗೆ ಗಾಳಿ ಬೀಸುತ್ತದೆ. ಕಾಡಿಗೆ ಬೆಂಕಿ ಬಿದ್ದರೆ ಅದು ಆಗ್ನೇಯಕ್ಕೆ, ಉದ್ದಕ್ಕೆ, ಸಪೂರವಾಗಿ ಓಡುತ್ತದೆ. ಆಮೇಲೆ ದಕ್ಷಿಣದ ಸಮುದ್ರದಿಂದ ತಣ್ಣನೆ ಗಾಳಿ ನುಗ್ಗುತ್ತದೆ, ನೈಋತ್ಯದಿಂದ ಬೀಸತೊಡಗುತ್ತದೆ. ಅಷ್ಟು ಹೊತ್ತು ಬೆಂಕಿಯ ಪಕ್ಕೆಯಾಗಿದ್ದ ಉದ್ದನೆ ಸಾಲು ಒಮ್ಮೆಗೇ ಅದರ ತಲೆಯಾಗಿ ಈಶಾನ್ಯಕ್ಕೆ ಹೊರಡುತ್ತದೆ. 2009ರ ಫೆಬ್ರವರಿ 7ರಂದು ಹೀಗೇ ಆಗಿದ್ದು. ಅವತ್ತು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ. ಆ ಬೆಂಕಿಗಳಲ್ಲಿ 173 ಜನ ಸತ್ತರು. ಆದ್ದರಿಂದ ದಯವಿಟ್ಟು ಬೇಗ.

ರಾ., ಮೈಸೂರು:

ವಾತಾಗ್ರ. ಶೀತ ವಾತಾಗ್ರ, ಉಷ್ಣ ವಾತಾಗ್ರ. ಹಿಂದಿ ಭೂಗೋಳದ ಪುಸ್ತಕಗಳಲ್ಲಿ ನೆಲೆನಿಂತ ಪದ. ಸಂಸ್ಕೃತ ಆದ್ದರಿಂದ ನಮಗೂ ಸಲ್ಲುತ್ತದೆ. ಚರ್ಚೆಗೆ ಜಾಗವಿಲ್ಲ.

ಕೆ., ಸಾಗರ:

ಸಲ್ಲುವುದಿಲ್ಲ ರಾಯರೇ. ನಮ್ಮೂರಲ್ಲಿ ವಾತ ಅಂದರೆ ಮಂಡಿನೋವು, ಶೀತ ಅಂದರೆ ನೆಗಡಿ. ‘ಶೀತ ವಾತಾಗ್ರ ಬರುತ್ತಿದೆ’ ಅಂತ ಬರೆದರೆ ಆ ಅಜ್ಜ ಕಾಳ್ಗಿಚ್ಚು ಬಿಟ್ಟು ಕಷಾಯ ಕಾಯಿಸಲು ಹೊರಡುತ್ತಾರೆ.

‘ತಣ್ಗಾಳಿಮೊಗ’ ಎನ್ನಿ. ತಣ್ + ಗಾಳಿ + ಮೊಗ. ‘ಬಿಸಿಗಾಳಿಮೊಗ’ ಕೂಡ ಆಗುತ್ತದೆ. ತಮಿಳರು ‘ವಳಿಮುಗಂ’ ಎಂದು ಎಂದೋ ಮಾಡಿಕೊಂಡಿದ್ದಾರೆ, ಅವರಿಗೆ ‘ವಾತ’ ಬೇಕಾಗಲಿಲ್ಲ. ನಾವು ಮಾತ್ರ ಹಿಂದಿ ಪುಸ್ತಕ ತೆರೆದು ಕೂರುತ್ತೇವೆ.

ವಿ., ಬೆಂಗಳೂರು:

ಪತ್ರಿಕೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತವನ ಮಾತು. ನಮ್ಮಲ್ಲಿ ‘ಫ್ರಂಟ್’ ಕಂಡರೆ ಕೈ ತಾನಾಗೇ ‘ರಂಗ’ ಅಂತ ಹೊಡೆಯುತ್ತದೆ. ಸಂಯುಕ್ತ ರಂಗ, ತೃತೀಯ ರಂಗ. ಒಮ್ಮೆ ಹೊಸ ಹುಡುಗನೊಬ್ಬ ಏಜೆನ್ಸಿ ಸುದ್ದಿಯಲ್ಲಿ ‘ಶೀತಲ ರಂಗವು ಉತ್ತರ ಭಾರತವನ್ನು ಪ್ರವೇಶಿಸಿದೆ’ ಅಂತ ಬರೆದಿದ್ದ. ರಾತ್ರಿ ಪಾಳಿಯವರು ಅದನ್ನು ರಾಜಕೀಯ ಪುಟಕ್ಕೆ ಕಳಿಸಿಬಿಟ್ಟಿದ್ದರು.

ಸುಮ್ನೆ ‘ಫ್ರಂಟ್’ ಅಂತಲೇ ಬರೆಯಿರಿ. ಕುರ್ಚಿ, ಮೇಜು, ಚಾವಿ ಎಲ್ಲ ಎಲ್ಲಿಂದ ಬಂದವು? ಬಂದವು, ಕೂತವು. ಇದೂ ಕೂರುತ್ತದೆ.

ಕೆ., ಸಾಗರ:

ಕುರ್ಚಿ ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಕೂತವನಿಗೆ ಅರ್ಥ ಹೇಳಿಕೊಡಬೇಕಾಗಿಲ್ಲ. ಫ್ರಂಟ್ ಕಾಣುತ್ತದೆಯೇ? ಕಾಣದ್ದಕ್ಕೆ ತಿಳಿಯುವ ಹೆಸರೇ ಬೇಕು. ಅದರ ಮೇಲೆ ‘ಫ್’ಗೆ ರಕಾರದ ಒತ್ತು ಬೇರೆ. ನಾಲಿಗೆ ಹೊರಳದ ಮುದುಕರಿಗೆ ಇದು ಕರಪತ್ರವೋ, ಉಚ್ಚಾರಣೆಯ ಪರೀಕ್ಷೆಯೋ?

ಬ., ಹುಬ್ಬಳ್ಳಿ:

ಮೂವತ್ತು ವರ್ಷ ಭೂಗೋಳ ಕಲಿಸಿದವನು. ಪದಕ್ಕೆ ಜಗಳ ಆಡೋ ಮೊದಲು ವಸ್ತು ಏನಂತ ನೋಡ್ರಿ.

ಎರಡು ಗಾಳಿರಾಶಿ ಎದುರಾದರೆ ಹಾಲಿಗೆ ನೀರು ಬೆರೆತ ಹಾಗೆ ಬೆರೆಯೋದಿಲ್ಲ. ತಣ್ಣನೆಯದು ಭಾರ. ಅದು ನೆಲ ಹಿಡಿದು, ಬೆಣೆ ಹೊಡೆದ ಹಾಗೆ ಬಿಸಿಗಾಳಿಯ ಬುಡಕ್ಕೆ ತೂರುತ್ತದೆ. ಬಿಸಿಯದು ಮೇಲಕ್ಕೆ ಏಳಲೇಬೇಕು. ಈ ಬೆಣೆಯ ಇಳಿಜಾರು ಸುಮಾರು 100ಕ್ಕೆ 1. ಅಂದರೆ ನೆಲ ಮುಟ್ಟಿದ ಜಾಗದಿಂದ 100 ಕಿ.ಮೀ. ಹಿಂದೆ ಹೋದರೆ ಅಲ್ಲಿ ತಣ್ಣನೆ ಗಾಳಿಯ ದಪ್ಪ 1 ಕಿ.ಮೀ. ಇಷ್ಟು ಓರೆ ಇದ್ದರೂ ಬಿಸಿಗಾಳಿಗೆ ಅದು ಗೋಡೆಯೇ. ಅದು ಜೋರಾಗಿ ಏಳುತ್ತದೆ, ತೇವ ಇದ್ದರೆ ಗೋಪುರದಂಥ ಕಪ್ಪು ಮೋಡ, ಗುಡುಗು, ಒಂದು ರಪರಪ ಮಳೆ, ಸ್ವಲ್ಪ ಹೊತ್ತಿನಲ್ಲಿ ಖಲಾಸ್. ತೇವ ಇರಲಿಲ್ಲವೋ, ಬರೀ ಗಾಳಿ ಮತ್ತು ಧೂಳು. ಸು. ಅವರೇ, ನಿಮ್ಮಲ್ಲಿ ಬೇಸಿಗೆಯಲ್ಲಿ ಎಷ್ಟೋ ಸಲ ಒಣ ಫ್ರಂಟೇ ಬರೋದು, ಹಾಗಾಗಿ ಕರಪತ್ರದಲ್ಲಿ ಅಪ್ಪಿತಪ್ಪಿಯೂ ‘ಮಳೆ ಬರುತ್ತದೆ’ ಅಂತ ಹಾಕಬೇಡಿ.

ಬಿಸಿಗಾಳಿಯೇ ಮುಂದೆ ಬಂದರೆ ಕಥೆ ಬೇರೆ. ಅದು ಹಗುರ, ತಣ್ಣನೆಯದರ ಬೆನ್ನ ಮೇಲೆ ಮೆಲ್ಲಗೆ ಹತ್ತುತ್ತದೆ. ಇಳಿಜಾರು ಇನ್ನೂ ಕಡಿಮೆ, ಸುಮಾರು 200ಕ್ಕೆ 1. ಮೊದಲು ಆಕಾಶದಲ್ಲಿ ಎಳೆಎಳೆ ಮೋಡ, ಆಮೇಲೆ ಚಂದ್ರನ ಸುತ್ತ ಉಂಗುರ, ಆಮೇಲೆ ಬೂದು ಹೊದಿಕೆ, ಕೊನೆಗೆ ಗಂಟೆಗಟ್ಟಲೆ ಜಿಟಿಜಿಟಿ. ನಕ್ಷೆಯಲ್ಲಿ ತಣ್ಣನೆಯದಕ್ಕೆ ನೀಲಿ ಗೆರೆ, ತ್ರಿಕೋನದ ಹಲ್ಲು. ಬಿಸಿಯದಕ್ಕೆ ಕೆಂಪು ಗೆರೆ, ಅರ್ಧಚಂದ್ರ. ಹಲ್ಲು ಯಾವ ಕಡೆ ಇದೆಯೋ ಆ ಕಡೆ ಹೊರಟಿದೆ ಅಂತ ಲೆಕ್ಕ.

ಹೆಸರು ಯುದ್ಧದಿಂದ ಬಂದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ನಾರ್ವೆಗೆ ಹೊರಗಿನ ಹವಾಮಾನ ವರದಿ ಬರೋದು ನಿಂತುಹೋಗಿತ್ತು. ವಿಲ್‌ಹೆಲ್ಮ್ ಬ್ಯರ್ಕ್‌ನೆಸ್ ಅನ್ನೋ ವಿಜ್ಞಾನಿ 1918ರಲ್ಲಿ ತಮ್ಮ ನಾಡಿನಲ್ಲೇ ಒತ್ತೊತ್ತಾಗಿ ವೀಕ್ಷಣಾ ಕೇಂದ್ರ ಹಾಕಿಸಿದರು. ಅಷ್ಟು ಹತ್ತಿರ ಹತ್ತಿರ ನೋಡಿದ್ದಕ್ಕೇ ಈ ಗೆರೆಗಳು ಕಣ್ಣಿಗೆ ಬಿದ್ದವು. ಬರ್ಗೆನ್ ಊರಿನ ಆ ಗುಂಪು, ಅದರಲ್ಲಿ ಅವರ ಮಗ ಯಾಕೊಬ್ ಕೂಡ ಇದ್ದ, ಮೊದಲು ಬೇರೆ ಹೆಸರು ಬಳಸಿ ಆಮೇಲೆ ‘ಫ್ರಂಟ್’ಗೆ ಬಂತು. ಯುರೋಪಿನಲ್ಲಿ ಆಗ ಎಲ್ಲರ ಬಾಯಲ್ಲೂ ಅದೇ ಮಾತು: ಎರಡು ಸೈನ್ಯ ಎದುರುಬದುರು ನಿಂತ ಸಾಲು.

ನಮ್ಮ ಕರ್ನಾಟಕಕ್ಕೆ ಇವು ಬರೋದಿಲ್ಲ, ನಮ್ಮದು ಉಷ್ಣವಲಯ. ಪದ ಇಲ್ಲದ್ದಕ್ಕೆ ಕಾರಣ ಅಷ್ಟೇ. ಭಾಷೆಯ ಬಡತನ ಅಲ್ಲ.

ಕೆ., ಸಾಗರ:

ಮೇಷ್ಟ್ರೇ, ಬರೋದಿಲ್ಲ ಅಂದರೆ ಹೇಗೆ? ಏಪ್ರಿಲ್ ಸಂಜೆ ಅಂಗಳದಲ್ಲಿ ನಿಂತಿರುತ್ತೇವೆ, ಬೆವರು ಸುರಿಯುತ್ತಿರುತ್ತದೆ. ಇದ್ದಕ್ಕಿದ್ದಂತೆ ತರಗೆಲೆ ಎದ್ದು ಸುಯ್ಯ ಅಂತ ತಣ್ಣನೆ ಗಾಳಿ, ಹಿಂದೆಯೇ ಮಣ್ಣಿನ ವಾಸನೆ. ಅಮ್ಮ ‘ಮಳೆಗಾಳಿ ಬಂತು, ಬಟ್ಟೆ ತೆಗಿ’ ಅಂತಿದ್ದಳು. ಅದೇ ಅಲ್ವಾ?

ಬ., ಹುಬ್ಬಳ್ಳಿ:

ಅದಲ್ಲ. ಅದು ಒಂದು ಗುಡುಗುಮೋಡ ಉಸಿರು ಬಿಟ್ಟದ್ದು. ಮಳೆಯ ಜೊತೆ ತಣ್ಣನೆ ಗಾಳಿ ಕೆಳಗೆ ಬಿದ್ದು ನೆಲದ ಮೇಲೆ ಹರಡುತ್ತದೆ, ಒಂದೆರಡು ತಾಲ್ಲೂಕು ದಾಟೋದರೊಳಗೆ ಸತ್ವ ಕಳಕೊಳ್ಳುತ್ತದೆ. ಅವರದ್ದು ಸಾವಿರ ಕಿ.ಮೀ. ಉದ್ದದ್ದು, ಹಿಂದಿನ ದಿನವೇ ನಕ್ಷೆಯಲ್ಲಿ ಕಾಣುತ್ತದೆ. ಅಣ್ಣ-ತಮ್ಮ ಅನ್ನಬಹುದು, ಒಂದೇ ಅನ್ನಬಾರದು.

ರಾ., ಮೈಸೂರು:

ಗಾಳಿಮೊಗವನ್ನು ಯಾರೋ ‘ಗಾಳಿಮುಖ’ ಎಂದು ತಿದ್ದಿ ನನಗೆ ಖಾಸಗಿಯಾಗಿ ಕಳಿಸಿದ್ದಾರೆ. ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ವ್ಯಾಕರಣಕಾರ ಕೇಶಿರಾಜ ಏನು ಹೇಳಿದ್ದಾನೆಂದು ಇಲ್ಲಿ ಪಾಠ ಮಾಡಬೇಕಾಗಿಲ್ಲ.

ಕೆ., ಸಾಗರ:

ಮೊಗ ತದ್ಭವ, ಆದ್ದರಿಂದ ಗಾಳಿಮೊಗಕ್ಕೆ ಕೇಶಿರಾಜನ ಅಡ್ಡಿ ಇಲ್ಲ. ಇನ್ನು ‘ಮುಖ’ವೇ ಮೂಲದಲ್ಲಿ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದು ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಹಾಗಿದ್ದರೆ ಅರಿ ಯಾರು, ಮಿತ್ರ ಯಾರು?

ರಾ., ಮೈಸೂರು:

ಇದಕ್ಕೆ ಉತ್ತರಿಸುವುದಿಲ್ಲ.

ವಿ., ಬೆಂಗಳೂರು:

ನಾನು ಉತ್ತರಿಸುತ್ತೇನೆ. ‘ಹವಾಮಾನ’ ಯಾವ ಸಮಾಸ ಸ್ವಾಮಿ? ಹವಾ ಅರಬ್ಬಿ, ಮಾನ ಸಂಸ್ಕೃತ. ಈ ಚರ್ಚೆಯ ತಲೆಬರಹದಲ್ಲೇ ಕೂತಿದೆ, ಇಬ್ಬರೂ ಒಂದು ಮಾತು ಆಡಲಿಲ್ಲ. ಮಾನ್ಸೂನ್ ಕೂಡ ಅರಬ್ಬಿಯ ‘ಮೌಸಿಂ’ನಿಂದ ಹಡಗು ಹತ್ತಿ ಯುರೋಪು ಸುತ್ತಿ ಬಂದದ್ದು. ಅರಬ್ಬರ ಗಾಳಿ ಆಗುತ್ತದೆ, ಇಂಗ್ಲಿಷರ ಫ್ರಂಟ್ ಆಗುವುದಿಲ್ಲ, ಇದು ಯಾವ ನ್ಯಾಯ?

ಕೆ., ಸಾಗರ:

‘ಮುಂಗಾರು’ ಇರುವಾಗ ಮಾನ್ಸೂನ್ ಅನ್ನುವವರೊಂದಿಗೆ ನನಗೆ ಮಾತಿಲ್ಲ. ಮುನ್ + ಕಾರ್. ಕಾರ್ ಅಂದರೆ ಕಪ್ಪು, ಮಳೆಮೋಡ, ಮಳೆಗಾಲ, ಮೂರೂ ಒಂದೇ ಉಸಿರಲ್ಲಿ. ಇಂಥ ಪದ ಕಟ್ಟಿದ ಜನ ನಾವು.

ಚ., ಗದಗ:

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಮೇಷ್ಟ್ರು ಯುದ್ಧದ ಮಾತು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ಅದಕ್ಕೆ ಹಳಗನ್ನಡದ ಪದವೇ ಇದೆಯಲ್ಲ: ಚೂಣಿ. ಸೈನ್ಯದ ಮುಂದಿನ ಸಾಲು. ‘ಮುಂಚೂಣಿ’ ಇವತ್ತಿಗೂ ಎಲ್ಲರ ಬಾಯಲ್ಲಿದೆ. ‘ತಂಗಾಳಿಯ ಚೂಣಿ’, ‘ಬಿಸಿಗಾಳಿಯ ಚೂಣಿ’. ಮುಖ, ಮೊಗ, ಅಗ್ರ ಯಾವುದಕ್ಕೂ ಈ ನುಗ್ಗುವ ಗುಣ ಇಲ್ಲ.

ಬ., ಹುಬ್ಬಳ್ಳಿ:

ಚಲೋ ಐತಿ. ಒಂದೇ ತಕರಾರು: ಚೂಣಿ ಒಂದು ಸೈನ್ಯದ್ದು, ಫ್ರಂಟ್ ಎರಡರ ನಡುವಿನದ್ದು. ಆದರೆ ಕೋಲ್ಡ್, ವಾರ್ಮ್ ಅಂತ ಹೆಸರಿಡೋದು ನುಗ್ಗಿ ಬರುವವನ ಹೆಸರಲ್ಲೇ, ಹಾಗಾಗಿ ನಡೀತದ. ಎರಡೂ ಕದಲದೆ ನಿಂತಾಗ ಏನು ಮಾಡ್ತೀರಿ ಅಂತ ಕೇಳೋದಿಲ್ಲ, ಅದು ಕರಪತ್ರಕ್ಕೆ ಬೇಡ. ‘ತಂಗಾಳಿ’ ಮಾತ್ರ ಬೇಡವೇ ಬೇಡ. ಅದು ಸಂಜೆ ಕೆರೆ ಏರಿ ಮೇಲೆ ಬೀಸೋದು.

ಸು., ಮೆಲ್ಬರ್ನ್:

ಮೇಷ್ಟ್ರು ಕೊನೆಗೆ ಹೇಳಿದ್ದೇ ನನಗೆ ಎರಡು ದಿನದಿಂದ ಕೊರೆಯುತ್ತಿದ್ದ ವಿಷಯ. ಇಲ್ಲಿನ ರೇಡಿಯೋದಲ್ಲಿ ಇದನ್ನು ‘ಕೂಲ್ ಚೇಂಜ್’ ಅನ್ನುತ್ತಾರೆ. ನಾನು ಮೊದಲ ಕರಡಿನಲ್ಲಿ ‘ಸಂಜೆ ತಂಪು ಗಾಳಿ ಬರುತ್ತದೆ’ ಅಂತ ಬರೆದು ಅಮ್ಮನಿಗೆ ಓದಿಸಿದೆ. ಓದಿ, “ಸದ್ಯ, ಹಾಗಾದ್ರೆ ಸಂಜೆ ಹೊತ್ತಿಗೆ ಗಂಡಾಂತರ ಕಳೀತು ಅನ್ನು” ಅಂದಳು. ತಪ್ಪು ಅವಳದ್ದಲ್ಲ. ನಮಗೆ ತಂಪು ಅಂದರೆ ಒಳ್ಳೆಯದು. ಹೊಟ್ಟೆ ತಣ್ಣಗಿರಲಿ ಅಂತ ಹರಸುವ ಜನ. ಆ ಪದ ಕಿವಿಗೆ ಬಿದ್ದ ಕೂಡಲೇ ಮೈ ಸಡಿಲ ಬಿಡುತ್ತೇವೆ. ಇಲ್ಲಿ ಅದೇ ಗಳಿಗೆ ಕೆಟ್ಟದ್ದು.

ಹೋದ ಬೇಸಿಗೆ ಒಂದು ದಿನ 41 ಡಿಗ್ರಿ ಇತ್ತು. ಹಿತ್ತಿಲ ತಂತಿಯ ಮೇಲೆ ಹಾಕಿದ್ದ ಅಮ್ಮನ ಸೀರೆ ಇಡೀ ಮಧ್ಯಾಹ್ನ ಕೋಳಿಗೂಡಿನ ಕಡೆಗೆ ಹಾರುತ್ತಿತ್ತು. ಆರು ಗಂಟೆ ಹೊತ್ತಿಗೆ ಒಂದು ಕ್ಷಣ ಸೆರಗು ಜೋತುಬಿತ್ತು. ಆಮೇಲೆ ಹಿಂಬಾಗಿಲು ದಡಾರ್ ಅಂತ ಬಡಿದುಕೊಂಡಿತು, ಸೀರೆ ನಿಂಬೆಗಿಡದ ಕಡೆಗೆ ಚಾಚಿ ನಿಂತಿತು. ಒಂದು ಹನಿ ಮಳೆ ಇಲ್ಲ. ಅರ್ಧ ಗಂಟೆಯಲ್ಲಿ ಅಮ್ಮ ಸ್ವೆಟರ್ ಕೇಳಿದಳು. ಅವಳಿಗೆ ಫ್ರಂಟೂ ಗೊತ್ತಿಲ್ಲ, ಚೂಣಿಯೂ ಗೊತ್ತಿಲ್ಲ. ಕಿಟಕಿ ಹತ್ತಿರ ನಿಂತು ಅವಳು ಹೇಳಿದ್ದು ಇಷ್ಟೇ: “ಗಾಳಿ ತಿರುಗ್ತು ಕಣೇ.”

ನನಗೆ ಬೇಕಾದ ಪದ ಅದೇ ಇರಬೇಕು. ‘ಗಾಳಿ ತಿರುವು’.

ರಾ., ಮೈಸೂರು:

ಅದು ವಿದ್ಯಮಾನದ ಪರಿಣಾಮ, ವಿದ್ಯಮಾನವಲ್ಲ. ಪರಿಭಾಷೆ ಎಂದರೆ ಅಮ್ಮ ಆಡಿದ್ದನ್ನು ಬರೆದುಕೊಳ್ಳುವುದಲ್ಲ.

ಬ., ಹುಬ್ಬಳ್ಳಿ:

ಪಠ್ಯಪುಸ್ತಕಕ್ಕೆ ರಾಯರ ಮಾತು ಸರಿ. ಕರಪತ್ರಕ್ಕೆ ಅಮ್ಮನ ಮಾತು ಸರಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ್ರಿ.

ಸು., ಮೆಲ್ಬರ್ನ್:

ಕಳಿಸಿಬಿಟ್ಟೆ, ಅಚ್ಚಿನವರು ಕಾಯುತ್ತಿದ್ದರು. ಹೋಗಿರುವುದು ಇದು:

“ಸಂಜೆ ಗಾಳಿ ತಿರುಗುತ್ತದೆ. ಸೆಕೆ ಇಳಿಯುತ್ತದೆ, ಆದರೆ ಅಪಾಯ ಇಳಿಯುವುದಿಲ್ಲ, ಹೆಚ್ಚುತ್ತದೆ. ಬೆಂಕಿಯೂ ಗಾಳಿಯ ಜೊತೆ ದಿಕ್ಕು ಬದಲಿಸುತ್ತದೆ. ದೂರದಲ್ಲಿ ಪಕ್ಕಕ್ಕೆ ಹಾದುಹೋಗುತ್ತಿದ್ದ ಬೆಂಕಿ ನಿಮ್ಮ ಕಡೆಗೆ ಬರಬಹುದು. ಗಾಳಿ ತಿರುಗುವವರೆಗೆ ಕಾಯಬೇಡಿ, ಅದಕ್ಕೂ ಬಹಳ ಮೊದಲೇ ಹೊರಡಿ.”

ಕೆಳಗೆ ಸಣ್ಣ ಅಕ್ಷರದಲ್ಲಿ, ರೇಡಿಯೋದಲ್ಲಿ ಕೇಳಿದಾಗ ಗೊತ್ತಾಗಲಿ ಅಂತ, ‘ಇದನ್ನೇ ಕೋಲ್ಡ್ ಫ್ರಂಟ್, ಕೂಲ್ ಚೇಂಜ್ ಎನ್ನುತ್ತಾರೆ’ ಅಂತ ಸೇರಿಸಿದ್ದೇನೆ. ಫೈರ್ ಫ್ರಂಟಿಗೆ ‘ಬೆಂಕಿಯ ತಲೆ’. ಚೂಣಿ ತುಂಬ ಇಷ್ಟವಾಯಿತು ಚ. ಅವರೇ, ಮಗಳ ಶಾಲೆಯ ಯೋಜನೆಗೆ ಎತ್ತಿಟ್ಟುಕೊಂಡಿದ್ದೇನೆ.

ಕೆ., ಸಾಗರ:

‘ದಿಕ್ಕು’, ‘ಅಪಾಯ’ ಎರಡೂ ಸಂಸ್ಕೃತ. ‘ಕಡೆ’ ಅನ್ನಬಹುದಿತ್ತು.

ವಿ., ಬೆಂಗಳೂರು:

ಬೆಂಕಿ ಅಚ್ಚಕನ್ನಡವೇ ಅಲ್ವಾ? ಸಮಾಧಾನ ಮಾಡಿಕೊಳ್ಳಿ.